ನಡುರಾತ್ರಿ ಧಡಕ್ಕನೆ ಎಚ್ಚರವೇ? ಕಾರಣ ಹುಡುಕುವ ನಿದ್ರಾ ಪರೀಕ್ಷೆ

(ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ರೋಗಿಗಳಿಗೂ ಅವರ ಜೊತೆ ಬಂದ ಮನೆಯವರಿಗೂ ಶ್ವಾಸಕೋಶ ತಜ್ಞರು ನೀಡಿದ ಆರೋಗ್ಯ ಉಪನ್ಯಾಸದ ಬರಹ ರೂಪ)



ರಾತ್ರಿ ಒಂದೆರಡು ಸಲ ಎಚ್ಚರವಾಗುವುದು ಕಾಯಿಲೆಯಲ್ಲ. ಮಗ್ಗುಲು ಬದಲಿಸುತ್ತೇವೆ, ಹೊದಿಕೆ ಸರಿಮಾಡಿಕೊಳ್ಳುತ್ತೇವೆ, ಮತ್ತೆ ನಿದ್ರೆ ಹೋಗುತ್ತೇವೆ. ಬೆಳಿಗ್ಗೆ ಅದರ ನೆನಪೂ ಇರುವುದಿಲ್ಲ. ಇಂದು ನಾನು ಮಾತಾಡುವುದು ಅದರ ಬಗ್ಗೆ ಅಲ್ಲ. ಗಾಢ ನಿದ್ರೆಯಲ್ಲಿರುವಾಗ ಯಾರೋ ಎಬ್ಬಿಸಿ ಕೂರಿಸಿದಂತೆ ಧಡಕ್ಕನೆ ಎಚ್ಚರವಾಗುವುದು, ಎದೆ ಡವಡವ ಹೊಡೆದುಕೊಳ್ಳುವುದು, ಉಸಿರು ಸಿಕ್ಕಿದಂತಾಗುವುದು, ಮೈ ಬೆವರುವುದು, 'ಜೀವ ಹೋಯಿತು' ಎನ್ನಿಸುವುದು, ಹೀಗೆ ವಾರಕ್ಕೆ ಮೂರು ನಾಲ್ಕು ರಾತ್ರಿ ಆಗುವುದು – ಇದರ ಬಗ್ಗೆ.

ಕೆಲವು ವರ್ಷಗಳ ಹಿಂದೆ ಐವತ್ತು ದಾಟಿದ ಒಬ್ಬ ತಾಯಿ ನನ್ನ ಬಳಿ ಬಂದಿದ್ದರು. ಅವರ ಮಾತಿನಲ್ಲೇ ಹೇಳುತ್ತೇನೆ: "ಸಾಹೇಬ್ರ, ನಸುಕಿನ್ಯಾಗ ಮೂರು ನಾಕು ಗಂಟೇಕ ಧಡಕ್ನ ಎಚ್ಚರ ಆಗತೈತ್ರಿ. ಯಾರೋ ಕುತಿಗಿ ಹಿಚುಕಿದಂಗ ಆಗತೈತಿ. ಎದ್ದು ಕುಂತು ನೀರು ಕುಡದ ಮ್ಯಾಲ ಜೀವ ಬಂದಂಗ ಆಗತೈತಿ." ಅವರ ಚೀಲದಲ್ಲಿ ಮೂರು ಇ.ಸಿ.ಜಿ., ಒಂದು ಎಕೋ ವರದಿ ಇದ್ದವು. ಎಲ್ಲವೂ ಸರಿಯಾಗಿದ್ದವು. ಗ್ಯಾಸಿನ ಮಾತ್ರೆ ನುಂಗಿ ಆಗಿತ್ತು, ದೃಷ್ಟಿ ತೆಗೆಸಿ ಆಗಿತ್ತು, ಕೈಗೆ ದಾರ ಕಟ್ಟಿಸಿಯೂ ಆಗಿತ್ತು. ಹಿಂದಿನ ವರ್ಷವಷ್ಟೇ ಮನೆಯವರನ್ನು ಕಳೆದುಕೊಂಡಿದ್ದರು. ದುಃಖ, ಚಿಂತೆ, ವಯಸ್ಸು – ಇಷ್ಟೇ ಕಾರಣವೆಂದು ನಾನು ತೀರ್ಮಾನಿಸಿ ನಿದ್ರೆಯ ಮಾತ್ರೆ ಬರೆದುಕೊಟ್ಟೆ.

ಆರು ತಿಂಗಳ ನಂತರ ಮತ್ತೆ ಬಂದರು. "ಎಚ್ಚರಾಗೂದು ಕಡಿಮಿ ಆಗೈತ್ರಿ. ಆದ್ರ ಮುಂಜಾನೆ ತಲಿ ಸಿಡೀತೈತಿ, ಹಗಲೆಲ್ಲ ತೂಕಡಿಕಿ" ಎಂದರು. ಬಿ.ಪಿ. ಮೊದಲಿಗಿಂತ ಏರಿತ್ತು. ಆಗ ಬಾಗಿಲ ಹತ್ತಿರ ನಿಂತಿದ್ದ ಸೊಸೆ ಮೆಲ್ಲಗೆ ಹೇಳಿದಳು: "ಅತ್ತಿ ಗೊರಕಿ ಹೊಡಿತಿರತಾರ್ರಿ, ನಡುವ ಒಮ್ಮಿಂದೊಮ್ಮೆ ನಿಂತ ಬಿಡತೈತಿ. ಉಸರ ಮತ್ತ ಬರೂತನ ನಾ ಎಣಿಸ್ಕೋತ ಕುಂದರತೀನ್ರಿ. ಒಮ್ಮೊಮ್ಮೆ ಮೂವತ್ತರ ತನಕ ಎಣಸೀನಿ."

"ಇದನ್ನು ಮೊದಲೇ ಯಾಕೆ ಹೇಳಲಿಲ್ಲವ್ವಾ?" ಎಂದೆ. "ನೀವು ಕೇಳಲಿಲ್ಲಲ್ರಿ" ಎಂದಳು.

ಅವಳ ಮಾತು ನಿಜ. ನಾನು ಕೇಳಿರಲಿಲ್ಲ. ಅಂದಿನಿಂದ ನಿದ್ರೆಯ ತೊಂದರೆ ಹೇಳಿಕೊಂಡು ಯಾರೇ ಬರಲಿ, ಅದೇ ಕೋಣೆಯಲ್ಲಿ ಮಲಗುವವರನ್ನು ಒಳಗೆ ಕರೆದು ಮಾತಾಡಿಸದೆ ನಾನು ಚೀಟಿ ಬರೆಯುವುದಿಲ್ಲ.

ಎಚ್ಚರವೆಂಬ ತಳವಾರ

ಹಿಂದೆ ಊರಿನಲ್ಲಿ ರಾತ್ರಿ ಕಾವಲಿಗೆ ತಳವಾರ ಇರುತ್ತಿದ್ದ. ಅವನು ನಡುರಾತ್ರಿ ಕೂಗಿದರೆ ಊರವರು ಬೈಯುತ್ತಿರಲಿಲ್ಲ. ಎದ್ದು ಬಂದು ಏನಾಯಿತು ಎಂದು ನೋಡುತ್ತಿದ್ದರು. ಬಣವೆಗೆ ಬೆಂಕಿ ಬಿದ್ದಿರಬಹುದು, ಕಳ್ಳ ಹೊಕ್ಕಿರಬಹುದು, ಕೆಲವೊಮ್ಮೆ ಏನೂ ಇಲ್ಲದೆ ತಳವಾರನೇ ಬೆದರಿರಬಹುದು. ನೋಡಿದ ಮೇಲೆ ತಾನೇ ಗೊತ್ತಾಗುವುದು?

ನಮ್ಮ ಮಿದುಳಿನಲ್ಲಿಯೂ ಅಂಥ ಕಾವಲಿದೆ. ನಾವು ಮಲಗಿದಾಗಲೂ ಉಸಿರು, ರಕ್ತದಲ್ಲಿರುವ ಆಮ್ಲಜನಕ, ಎದೆ ಬಡಿತ, ನೋವು, ಸದ್ದು ಎಲ್ಲದರ ಮೇಲೂ ಅದರ ಕಣ್ಣಿರುತ್ತದೆ. ಏನೋ ಏರುಪೇರಾದರೆ ನಮ್ಮನ್ನು ಎಬ್ಬಿಸುತ್ತದೆ. ಕಾರಣ ತಿಳಿಯದೆ ನಿದ್ರೆಯ ಮಾತ್ರೆ ಕೊಡುವುದೆಂದರೆ ತಳವಾರನ ಬಾಯಿಗೆ ಬಟ್ಟೆ ತುರುಕಿದಂತೆ. ಕೂಗು ನಿಲ್ಲುತ್ತದೆ, ಬೆಂಕಿ ನಿಲ್ಲುವುದಿಲ್ಲ. ಆ ತಾಯಿಗೆ ಆರು ತಿಂಗಳು ಆದದ್ದು ಇದೇ.

ನಿದ್ರೆಯಲ್ಲಿ ನಡೆಯುವುದೇನು?

ನಿದ್ರೆ ಎಂದರೆ ದೀಪ ಆರಿಸಿದಂತೆ ರಾತ್ರಿಯೆಲ್ಲ ಒಂದೇ ಸ್ಥಿತಿ ಎಂದು ನಾವು ತಿಳಿದಿರುತ್ತೇವೆ. ಹಾಗಿಲ್ಲ. ಮೊದಲು ತೆಳುವಾದ ನಿದ್ರೆ, ನಂತರ ಗಾಢ ನಿದ್ರೆ, ಅದಾದ ಮೇಲೆ ಕನಸಿನ ನಿದ್ರೆ. ಈ ಒಂದು ಸುತ್ತಿಗೆ ಸುಮಾರು 90 ನಿಮಿಷ. ರಾತ್ರಿಗೆ ಇಂಥ ನಾಲ್ಕೈದು ಸುತ್ತು. ಗಾಢ ನಿದ್ರೆ ರಾತ್ರಿಯ ಮೊದಲ ಭಾಗದಲ್ಲಿ ಹೆಚ್ಚು, ಕನಸಿನ ನಿದ್ರೆ ಬೆಳಗಿನ ಜಾವ ಹೆಚ್ಚು. ಕನಸಿನ ನಿದ್ರೆಯಲ್ಲಿ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ವೇಗವಾಗಿ ಓಡಾಡುತ್ತದೆ ಎಂಬುದನ್ನು 1953ರಲ್ಲಿ ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಪ್ರಕಟಿಸಿದರು. ಮಲಗಿದವರನ್ನು ರಾತ್ರಿಯಿಡೀ ಯಂತ್ರದಿಂದ ಗಮನಿಸುವ ವಿದ್ಯೆ ಬೆಳೆದದ್ದು ಆ ನಂತರವೇ.

ಕನಸಿನ ನಿದ್ರೆಯಲ್ಲಿ ಇನ್ನೊಂದು ವಿಶೇಷವಿದೆ. ಕಣ್ಣಿನ ಸ್ನಾಯು ಮತ್ತು ಉಸಿರಾಟದ ವಪೆ ಬಿಟ್ಟರೆ ಮೈಯ ಹೆಚ್ಚಿನ ಸ್ನಾಯುಗಳು ಸಡಿಲವಾಗಿ ಬಿಡುತ್ತವೆ. ಗಂಟಲಿನ ಸ್ನಾಯುಗಳೂ ಸಡಿಲವಾಗುತ್ತವೆ. ಗಂಟಲು ಮೊದಲೇ ಇಕ್ಕಟ್ಟಾಗಿರುವವರಿಗೆ ಉಸಿರು ಕಟ್ಟುವುದು ಬೆಳಗಿನ ಜಾವವೇ ಹೆಚ್ಚಾಗುವುದು ಇದರಿಂದ. ಆ ತಾಯಿಗೆ ಮೂರು ನಾಲ್ಕು ಗಂಟೆಗೇ ಎಚ್ಚರವಾಗುತ್ತಿದ್ದುದು ದೆವ್ವದ ಹೊತ್ತು ಎಂದಲ್ಲ, ಕನಸಿನ ನಿದ್ರೆಯ ಹೊತ್ತು ಎಂದು.

ಎಚ್ಚರಕ್ಕೆ ಕಾರಣಗಳು ಹಲವು

ಧಡಕ್ಕನೆ ಎಚ್ಚರವಾಗುವುದಕ್ಕೆಲ್ಲ ಒಂದೇ ಕಾರಣವಿಲ್ಲ. ಮುಖ್ಯವಾದವುಗಳನ್ನು ಹೇಳುತ್ತೇನೆ. ನಿಮಗೆ ಯಾವುದು ಹೋಲುತ್ತದೆ ನೋಡಿ.

ಉಸಿರು ಕಟ್ಟುವ ನಿದ್ರೆ: ವೈದ್ಯರು ಸ್ಲೀಪ್ ಆಪ್ನಿಯಾ ಎನ್ನುವುದು ಇದಕ್ಕೇ. ನಿದ್ರೆಯಲ್ಲಿ ಗಂಟಲಿನ ಗೋಡೆ ಕುಸಿದು ಗಾಳಿಯ ದಾರಿ ಮುಚ್ಚುತ್ತದೆ. ಜೋರು ಗೊರಕೆ, ನಡುವೆ ಮೌನ, ಆಮೇಲೆ ಗಕ್ಕನೆ ಉಸಿರೆಳೆದು ಏಳುವುದು, ಬೆಳಿಗ್ಗೆ ಬಾಯಿ ಒಣಗಿ ತಲೆನೋವು, ಹಗಲು ತೂಕಡಿಕೆ ಇದರ ಗುರುತು. ಇದು ಗಂಡಸರ ಕಾಯಿಲೆ ಎಂದು ತಿಳಿಯಬೇಡಿ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿಯೂ ಹೆಚ್ಚಾಗುತ್ತದೆ. ಅವರು ಗೊರಕೆಯ ಮಾತು ಎತ್ತುವುದಿಲ್ಲ. ಆಯಾಸ, ತಲೆನೋವು, ನಿದ್ರೆ ಬಾರದು ಎಂದಷ್ಟೇ ಹೇಳುತ್ತಾರೆ. ಹಾಗಾಗಿ ಅವರ ಕಾಯಿಲೆ ತಡವಾಗಿ ಗೊತ್ತಾಗುತ್ತದೆ.

ಹೃದಯದ ದೌರ್ಬಲ್ಯ: ಮಲಗಿ ಒಂದೆರಡು ತಾಸಿನ ಮೇಲೆ ದಮ್ಮು ಹತ್ತಿ ಎಚ್ಚರವಾಗುತ್ತದೆ. ಎದ್ದು ಕುಳಿತರೆ, ಕಿಟಕಿಯ ಬಳಿ ನಿಂತರೆ ನಿಧಾನವಾಗಿ ಕಡಿಮೆಯಾಗುತ್ತದೆ. ಕಾಲು ಊದಿಕೊಂಡಿರುತ್ತದೆ. ಇಂಥವರು ಮೊದಲು ಹೃದ್ರೋಗ ತಜ್ಞರನ್ನು ನೋಡಬೇಕು.

ಉಬ್ಬಸ ಮತ್ತು ಹುಳಿತೇಗು: ಉಬ್ಬಸ ಬೆಳಗಿನ ಜಾವ ಹೆಚ್ಚು, ಕೆಮ್ಮು ಮತ್ತು ಸುಯ್ ಎನ್ನುವ ಸದ್ದು ಇರುತ್ತದೆ. ತಡವಾಗಿ ಹೊಟ್ಟೆತುಂಬ ಉಂಡು ಕೂಡಲೇ ಮಲಗುವವರಿಗೆ ಹೊಟ್ಟೆಯ ಆಮ್ಲ ಗಂಟಲಿಗೆ ಬಂದು ಉಸಿರು ಸಿಕ್ಕಿ ಎಚ್ಚರವಾಗಬಹುದು.

ಸಕ್ಕರೆ ಇಳಿಯುವುದು: ಇನ್ಸುಲಿನ್ ಅಥವಾ ಕೆಲವು ಬಗೆಯ ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ಬೆವರಿ, ನಡುಗಿ ಎದ್ದರೆ ತಡಮಾಡದೆ ಗ್ಲುಕೋಮೀಟರಿನಲ್ಲಿ ನೋಡಿ. ಯಂತ್ರವಿಲ್ಲದಿದ್ದರೆ ಕಾಯಬೇಡಿ, ಸಕ್ಕರೆ ಅಥವಾ ಬೆಲ್ಲದ ನೀರು ಕುಡಿಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ, ಆಸ್ಪತ್ರೆಗೆ ಕರೆತನ್ನಿ.

ಕಾಲಿನ ಚಡಪಡಿಕೆ: ಮಲಗಿದ ಕೂಡಲೇ ಕಾಲಿನಲ್ಲಿ ಏನೋ ಹರಿದಾಡಿದಂತೆ, ಜಗ್ಗಿದಂತೆ, ಓಡಾಡಿದರೆ ಆರಾಮ. ನಿದ್ರೆ ಬಂದ ಮೇಲೂ ಕಾಲು ಅರ್ಧ ನಿಮಿಷಕ್ಕೊಮ್ಮೆ ಎಂಬಂತೆ ಒದರುತ್ತಿರಬಹುದು. ಮೈಯಲ್ಲಿ ಕಬ್ಬಿಣಾಂಶ ಕಡಿಮೆ ಇರುವವರಲ್ಲಿ, ಗರ್ಭಿಣಿಯರಲ್ಲಿ, ಮೂತ್ರಪಿಂಡದ ಕಾಯಿಲೆ ಇರುವವರಲ್ಲಿ ಹೆಚ್ಚು.

ಗಾಬರಿಯ ಎಚ್ಚರ: ಕನಸಿಲ್ಲದೆ, ಕಾರಣವಿಲ್ಲದೆ ಭಯ ಉಕ್ಕಿ ಏಳುವುದು. ಇದು ನಟನೆಯಲ್ಲ, ಹುಚ್ಚಲ್ಲ. ಚಿಕಿತ್ಸೆಗೆ ಬಗ್ಗುವ ಕಾಯಿಲೆ. ಆದರೆ ಉಸಿರಿನ ತೊಂದರೆ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಈ ಹೆಸರು ಕೊಡಬೇಕು.

ಕಿರುಚಿ ಏಳುವ ಮಕ್ಕಳು: ಮಲಗಿದ ಒಂದೆರಡು ತಾಸಿನೊಳಗೆ ಮಗು ಕಿರುಚಿ ಏಳುತ್ತದೆ, ನಮ್ಮನ್ನು ಗುರುತಿಸುವುದಿಲ್ಲ, ಬೆಳಿಗ್ಗೆ ಏನೂ ನೆನಪಿರುವುದಿಲ್ಲ. ಇದು ಗಾಢ ನಿದ್ರೆಯಿಂದ ಅರೆಬರೆ ಎಚ್ಚರವಾಗುವುದು. ಹೆಚ್ಚಿನ ಮಕ್ಕಳಲ್ಲಿ ಬೆಳೆದಂತೆ ತಾನಾಗಿಯೇ ಹೋಗುತ್ತದೆ.

ಎಚ್ಚರವಿದ್ದೂ ಕೈಕಾಲು ಆಡದಿರುವುದು: ಎದೆಯ ಮೇಲೆ ಯಾರೋ ಕುಳಿತಂತೆ, ಕೂಗಲು ಬಾಯಿ ಬಾರದಂತೆ ಆಗುತ್ತದೆ. ಇದನ್ನೇ ಹಳ್ಳಿಗಳಲ್ಲಿ ದೆವ್ವ ಮೆಟ್ಟಿತು ಎನ್ನುತ್ತಾರೆ. ಮನಸ್ಸು ಎಚ್ಚರಗೊಂಡಿದೆ, ಕನಸಿನ ನಿದ್ರೆಯ ಸಡಿಲಿಕೆ ಸ್ನಾಯುಗಳನ್ನು ಇನ್ನೂ ಬಿಟ್ಟಿಲ್ಲ, ಅಷ್ಟೇ. ಸ್ವಲ್ಪ ಹೊತ್ತಿನಲ್ಲಿ ಸರಿಹೋಗುತ್ತದೆ. ನಿದ್ರೆಗೆಟ್ಟವರಲ್ಲಿ ಹೆಚ್ಚು.

ಇನ್ನೊಂದು ಮಾತು. "ನನಗೆ ಮೂತ್ರಕ್ಕಾಗಿ ಎಚ್ಚರವಾಗುತ್ತದೆ" ಎಂದು ಹಲವರು ಹೇಳುತ್ತಾರೆ. ಸಕ್ಕರೆ ಕಾಯಿಲೆ, ಪ್ರೋಸ್ಟೇಟ್ ಗ್ರಂಥಿ ದೊಡ್ಡದಾಗುವುದು ಕಾರಣವಿರಬಹುದು. ಆದರೆ ಉಸಿರು ಕಟ್ಟಿದಾಗ ಹೃದಯದ ಮೇಲೆ ಎಳೆತ ಬಿದ್ದು ಮೂತ್ರ ಹೆಚ್ಚಿಸುವ ಹಾರ್ಮೋನು ಹೊರಬರುತ್ತದೆ. ಎಬ್ಬಿಸಿದ್ದು ಉಸಿರು, ನೆನಪಿನಲ್ಲಿ ಉಳಿದದ್ದು ಮೂತ್ರ – ಹೀಗೂ ಇರುತ್ತದೆ.

ನಿದ್ರಾ ಪರೀಕ್ಷೆ ಎಂದರೇನು?

ಇಷ್ಟೊಂದು ಕಾರಣಗಳಲ್ಲಿ ಯಾವುದೆಂದು ಹಗಲು ಹೊತ್ತು ಕುರ್ಚಿಯ ಮೇಲೆ ಕೂರಿಸಿ ಹೇಳುವುದು ಕಷ್ಟ. ತೊಂದರೆ ಆಗುವುದು ರಾತ್ರಿ, ಪರೀಕ್ಷೆ ಮಾಡುವುದು ಹಗಲು. ಎಲ್ಲ ವರದಿಗಳೂ ಸರಿಯಾಗಿ ಬರುವುದರಲ್ಲಿ ಆಶ್ಚರ್ಯವಿಲ್ಲ. ಹಾಗಾಗಿ ನಿದ್ರೆಯನ್ನೇ ಪರೀಕ್ಷಿಸಬೇಕು. ಇದಕ್ಕೆ ಪಾಲಿಸೋಮ್ನೋಗ್ರಫಿ ಎಂದು ಹೆಸರು. ಮಲಗಿದವರ ಮೈಯ ಹಲವು ಕೆಲಸಗಳನ್ನು ಒಟ್ಟಿಗೆ ಬರೆದಿಡುವುದು ಎಂದು ಅರ್ಥ.

ರಾತ್ರಿ ಎಂಟರ ಸುಮಾರಿಗೆ ನೀವು ಆಸ್ಪತ್ರೆಗೆ ಬರುತ್ತೀರಿ. ಒಂದು ಕೋಣೆ, ಒಂದು ಹಾಸಿಗೆ. ತಂತ್ರಜ್ಞರು ತಲೆಯ ಮೇಲೆ, ಕಣ್ಣುಗಳ ಪಕ್ಕ, ಗಲ್ಲದ ಕೆಳಗೆ, ಎದೆಯ ಮೇಲೆ, ಎರಡೂ ಕಾಲುಗಳ ಮೇಲೆ ಸಣ್ಣ ಸಣ್ಣ ಬಿಲ್ಲೆಗಳನ್ನು ಅಂಟಿಸುತ್ತಾರೆ. ಮೂಗಿನ ಹತ್ತಿರ ತೆಳುವಾದ ಒಂದು ನಳಿಕೆ. ಎದೆಗೊಂದು, ಹೊಟ್ಟೆಗೊಂದು ಬೆಲ್ಟು. ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ಪು. ಗೋಡೆಯ ಮೇಲೆ ಕತ್ತಲಲ್ಲಿಯೂ ಕಾಣುವ ಕ್ಯಾಮೆರಾ, ಗೊರಕೆ ಕೇಳುವ ಮೈಕು. ಇಷ್ಟೇ. ಸೂಜಿ ಇಲ್ಲ, ನೋವಿಲ್ಲ.

ಒಂದೊಂದು ವೈರಿಗೂ ಒಂದೊಂದು ಕೆಲಸವಿದೆ. ತಲೆಯದು ನಿದ್ರೆ ಯಾವ ಹಂತದಲ್ಲಿದೆ, ಯಾವ ಗಳಿಗೆಯಲ್ಲಿ ಎಚ್ಚರವಾಯಿತು ಎಂದು ಹೇಳುತ್ತದೆ. ಕಣ್ಣಿನ ಮತ್ತು ಗಲ್ಲದ ಬಿಲ್ಲೆಗಳು ಕನಸಿನ ನಿದ್ರೆಯನ್ನು ತೋರಿಸುತ್ತವೆ. ಕಾಲಿನವು ಒದರುವುದನ್ನು ಲೆಕ್ಕ ಇಡುತ್ತವೆ. ಮೂಗು ಮತ್ತು ಹೊಟ್ಟೆಯ ಗೆರೆಗಳನ್ನು ಜೊತೆಗಿಟ್ಟು ನೋಡಬೇಕು. ಮೂಗಿನ ಗೆರೆ ಚಪ್ಪಟೆಯಾಗಿದ್ದು ಎದೆ ಹೊಟ್ಟೆ ಒದ್ದಾಡುತ್ತಿದ್ದರೆ ಗಂಟಲಿನ ದಾರಿ ಮುಚ್ಚಿದೆ ಎಂದರ್ಥ. ಎರಡೂ ಚಪ್ಪಟೆಯಾದರೆ ಉಸಿರಾಡು ಎಂಬ ಅಪ್ಪಣೆಯೇ ಮಿದುಳಿನಿಂದ ಬಂದಿಲ್ಲ. ಹೃದಯ ದುರ್ಬಲವಾದ ಕೆಲವರಲ್ಲಿ ಹೀಗಾಗುತ್ತದೆ. ಎರಡಕ್ಕೂ ಚಿಕಿತ್ಸೆ ಬೇರೆ.

ಹೀಗೆ ಎಚ್ಚರವಾದ ಆ ಒಂದು ಗಳಿಗೆಯನ್ನು ಹಿಡಿದು, ಅದಕ್ಕೆ ಸ್ವಲ್ಪ ಮುಂಚೆ ಏನಾಯಿತು ಎಂದು ಹಿಂದೆ ಹೋಗಿ ನೋಡುತ್ತೇವೆ. ಉಸಿರು ನಿಂತಿತೇ? ಕಾಲು ಒದರಿತೇ? ಎದೆ ಬಡಿತ ತಪ್ಪಿತೇ? ಮಿದುಳಿನ ಅಲೆಗಳಲ್ಲಿ ಮೂರ್ಛೆಯ ಗುರುತು ಬಂತೇ? ಅಥವಾ ಏನೂ ಇಲ್ಲದೆ ಎಚ್ಚರವಾಯಿತೇ? ಪರೀಕ್ಷೆಯ ಸಾರವೆಲ್ಲ ಇಷ್ಟರಲ್ಲೇ ಇದೆ.

ರಾತ್ರಿಯ ದಾಖಲೆಯನ್ನು 30 ಸೆಕೆಂಡಿಗೆ ಒಂದು ಪುಟದಂತೆ ಓದುತ್ತಾರೆ. ಎಂಟು ತಾಸಿನ ನಿದ್ರೆಗೆ 960 ಪುಟ. ಕಂಪ್ಯೂಟರ್ ಬರುವ ಮುಂಚೆ ಇದನ್ನು ಕಾಗದದ ಸುರುಳಿಯ ಮೇಲೆ ಬರೆಸುತ್ತಿದ್ದರು. ಒಬ್ಬರ ಒಂದು ರಾತ್ರಿಗೆ 300 ಮೀಟರಿನಷ್ಟು ಕಾಗದ ಬೇಕಾಗುತ್ತಿತ್ತು. ವರದಿಗೆ ಒಂದೆರಡು ದಿನ ತಡವಾದರೆ ಬೇಸರ ಮಾಡಿಕೊಳ್ಳಬೇಡಿ. ಯಾರೋ ಒಬ್ಬರು ನಿಮ್ಮ ಇಡೀ ರಾತ್ರಿಯನ್ನು ಪುಟ ಪುಟವಾಗಿ ಓದುತ್ತಿರುತ್ತಾರೆ.

ಆ ರಾತ್ರಿ ಕಂಡದ್ದು

ಆ ತಾಯಿಯ ಪರೀಕ್ಷೆಯೂ ಆಯಿತು. ಬೆಳಿಗ್ಗೆ ಕೇಳಿದಾಗ "ಎರಡು ಸಲ ಎಚ್ಚರಾಗಿತ್ತು" ಎಂದರು. ದಾಖಲೆಯಲ್ಲಿ ಎಚ್ಚರಗಳು ನೂರಾರು ಇದ್ದವು. ಹೆಚ್ಚಿನವು ಮೂರು ನಾಲ್ಕು ಸೆಕೆಂಡಿನವು, ನೆನಪಿನಲ್ಲಿ ಉಳಿಯುವಂಥವಲ್ಲ. ಹೆಚ್ಚುಕಡಿಮೆ ಪ್ರತಿಯೊಂದಕ್ಕೂ ಮೊದಲು ಉಸಿರು ನಿಂತಿತ್ತು, ಇಲ್ಲವೇ ತೀರ ಸಣ್ಣದಾಗಿತ್ತು. ಸೊಸೆ ಬೆರಳೆಣಿಸಿ ಹೇಳಿದ ಲೆಕ್ಕ ಸುಳ್ಳಾಗಿರಲಿಲ್ಲ.

ಉಸಿರು ಕನಿಷ್ಠ 10 ಸೆಕೆಂಡು ನಿಂತರೆ ಅಥವಾ ಸಣ್ಣದಾದರೆ ಅದನ್ನು ಒಂದು ಎಂದು ಎಣಿಸುತ್ತಾರೆ. ದೊಡ್ಡವರಲ್ಲಿ ತಾಸಿಗೆ ಐದಕ್ಕಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ. 5ರಿಂದ 15ರವರೆಗೆ ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಆಕೆಯದು 30 ದಾಟಿತ್ತು. ಉಸಿರು ನಿಂತಾಗಲೆಲ್ಲ ಆಮ್ಲಜನಕ ಇಳಿಯುತ್ತದೆ, ಎದೆ ಬಡಿತ ಏರುತ್ತದೆ, ಬಿ.ಪಿ. ಜಿಗಿಯುತ್ತದೆ. ರಾತ್ರಿಗೆ ನೂರಾರು ಸಲ, ವರ್ಷಗಟ್ಟಲೆ ಹೀಗಾದರೆ ಹೃದಯ ಮತ್ತು ಮಿದುಳಿನ ರಕ್ತನಾಳಗಳ ಗತಿ ಏನು, ನೀವೇ ಊಹಿಸಿ. ಎರಡು ಮೂರು ಮಾತ್ರೆಗೂ ಬಗ್ಗದ ಬಿ.ಪಿ. ಇರುವವರಲ್ಲಿ ಅನೇಕರಿಗೆ ಈ ಕಾಯಿಲೆ ಇರುತ್ತದೆ. ಹಗಲಿನ ತೂಕಡಿಕೆಯಿಂದ ಆಗುವ ರಸ್ತೆ ಅಪಘಾತ ಇನ್ನೊಂದು ಅಪಾಯ. ಲಾರಿ, ಬಸ್ಸು, ಟ್ರ್ಯಾಕ್ಟರು ಓಡಿಸುವವರು ದಯವಿಟ್ಟು ಇದನ್ನು ಮುಚ್ಚಿಡಬೇಡಿ. ಕಣ್ಣು ಎಳೆಯುವಾಗ ಸ್ಟಿಯರಿಂಗ್ ಹಿಡಿಯಬೇಡಿ.

1965ರಲ್ಲಿ ಫ್ರಾನ್ಸಿನ ಮತ್ತು ಜರ್ಮನಿಯ ವೈದ್ಯರು ಬೇರೆ ಬೇರೆಯಾಗಿ ನಿದ್ರೆಯ ಜೊತೆಗೆ ಉಸಿರನ್ನೂ ದಾಖಲಿಸಿ ಈ ಕಾಯಿಲೆಯ ಗುಟ್ಟು ಕಂಡುಹಿಡಿದರು. ಆಗ ಇದ್ದ ಖಚಿತ ಚಿಕಿತ್ಸೆ ಒಂದೇ: ಕುತ್ತಿಗೆಯ ಮುಂಭಾಗದಲ್ಲಿ ರಂಧ್ರ ಮಾಡಿ ಉಸಿರಿಗೆ ಬೇರೆ ದಾರಿ ಕೊಡುವುದು. 1981ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯ ಡಾ. ಕಾಲಿನ್ ಸಲಿವನ್ ಮತ್ತು ಸಂಗಡಿಗರು ಮೂಗಿನ ಮೂಲಕ ಸಣ್ಣ ಒತ್ತಡದಲ್ಲಿ ಗಾಳಿ ಊದಿ ಗಂಟಲು ಮುಚ್ಚದಂತೆ ತಡೆಯಬಹುದೆಂದು ಐದು ರೋಗಿಗಳಲ್ಲಿ ತೋರಿಸಿದರು. ಇಂದು ಸಿ-ಪ್ಯಾಪ್ ಎಂದು ಕರೆಯುವ ಯಂತ್ರ ಅದರ ಬೆಳೆದ ರೂಪ. ಅದರಿಂದ ಬರುವುದು ಸಿಲಿಂಡರಿನ ಆಮ್ಲಜನಕವಲ್ಲ, ಕೋಣೆಯದೇ ಗಾಳಿ.

ಆ ತಾಯಿಗೆ ಮೊದಲ ವಾರ ಮಾಸ್ಕು ಒಗ್ಗಲಿಲ್ಲ. "ಮಾರಿ ಮ್ಯಾಲ ಇದನ್ನ ಕಟಗೊಂಡು ಹೆಂಗ ಮಲಗ್ಲಿ" ಎಂದು ಕಣ್ಣೀರು ಹಾಕಿದರು. ಹಗಲು ಹೊತ್ತು ಕುಳಿತೇ ಅರ್ಧ ತಾಸು ಹಾಕಿಕೊಂಡು ರೂಢಿ ಮಾಡಿಸಿದೆವು. ಮಾಸ್ಕಿನ ಅಳತೆ ಬದಲಿಸಿದೆವು. ಒಂದು ತಿಂಗಳಾದ ಮೇಲೆ ಬೆಳಗಿನ ತಲೆನೋವು ನಿಂತಿತು, ಆಮೇಲೆ ಬಿ.ಪಿ. ಹಿಡಿತಕ್ಕೆ ಬಂತು. ನಿದ್ರೆಯ ಮಾತ್ರೆಯನ್ನು ಹಂತಹಂತವಾಗಿ ಬಿಡಿಸಿದೆವು. ಗಂಡನನ್ನು ಕಳೆದುಕೊಂಡ ದುಃಖ ಹಾಗೇ ಇತ್ತು, ಅದಕ್ಕೆ ಯಂತ್ರವಿಲ್ಲ. ಆದರೆ ಕುತ್ತಿಗೆ ಹಿಚುಕಿದ್ದು ದುಃಖವಾಗಿರಲಿಲ್ಲ.

ಎಲ್ಲವೂ ಉಸಿರಿನದೇ ಅಲ್ಲ

ಇನ್ನೊಬ್ಬ ಹುಡುಗ, ಇಪ್ಪತ್ತರ ಆಸುಪಾಸು. ರಾತ್ರಿ ಮೂರು ನಾಲ್ಕು ಸಲ ಥಟ್ಟನೆ ಎದ್ದು, ಕೈಕಾಲು ಝಾಡಿಸಿ, ವಿಚಿತ್ರ ಸದ್ದು ಮಾಡಿ, ಅರ್ಧ ನಿಮಿಷದಲ್ಲಿ ಮತ್ತೆ ಮಲಗುತ್ತಿದ್ದ. ಗಾಳಿ ಸೋಕಿದೆ ಎಂದು ಮನೆಯವರು ಊರೂರು ತಿರುಗಿದ್ದರು, ಮದುವೆಯ ಮಾತು ಮುರಿದಿತ್ತು. ನಿದ್ರಾ ಪರೀಕ್ಷೆಯ ವಿಡಿಯೋದಲ್ಲಿ ಪ್ರತಿ ಸಲವೂ ಅದೇ ಚಲನೆ ಅಚ್ಚು ಒತ್ತಿದಂತೆ ಮರುಕಳಿಸುತ್ತಿತ್ತು. ಅದನ್ನು ಕಂಡು ನರರೋಗ ತಜ್ಞರ ಬಳಿ ಕಳಿಸಿದೆವು. ಅದು ನಿದ್ರೆಯಲ್ಲಷ್ಟೇ ಬರುವ ಮೂರ್ಛೆರೋಗವೆಂದು ತಿಳಿಯಿತು. ಮಾತ್ರೆಯಿಂದ ಹತೋಟಿಗೆ ಬಂತು.

ಮತ್ತೆ ಕೆಲವರು ವಯಸ್ಸಾದ ಗಂಡಸರು ಬೆಳಗಿನ ಜಾವ ಕನಸಿನಲ್ಲಿ ಗುದ್ದುತ್ತಾರೆ, ಒದೆಯುತ್ತಾರೆ, ಹಾಸಿಗೆಯಿಂದ ಬೀಳುತ್ತಾರೆ. ಕನಸಿನಲ್ಲಿ ಸಡಿಲವಾಗಬೇಕಾದ ಸ್ನಾಯು ಸಡಿಲವಾಗದೆ ಹೀಗಾಗುತ್ತದೆ. ಗಲ್ಲದ ಕೆಳಗಿನ ಬಿಲ್ಲೆ ಇದನ್ನು ಹಿಡಿಯುತ್ತದೆ. ಮುಂದೆ ಪಾರ್ಕಿನ್ಸನ್ ಕಾಯಿಲೆ ಬರುವವರಲ್ಲಿ ಇದು ಹಲವು ವರ್ಷ ಮೊದಲೇ ಕಾಣಿಸಿಕೊಳ್ಳಬಹುದಾದ್ದರಿಂದ ನರರೋಗ ತಜ್ಞರ ಸಲಹೆ ಬೇಕು.

ನೀವು ಕೇಳುವ ಪ್ರಶ್ನೆಗಳು

"ವೈರಿನಿಂದ ಕರೆಂಟು ಹೊಡೆಯುವುದಿಲ್ಲವೇ?" ಇಲ್ಲ. ಅವು ಮೈಯೊಳಗೆ ಏನನ್ನೂ ಕಳಿಸುವುದಿಲ್ಲ. ಮೈಯಲ್ಲಿ ಹುಟ್ಟುವ ಸಣ್ಣ ಸಂಕೇತಗಳನ್ನು ಓದಿಕೊಳ್ಳುತ್ತವೆ, ಅಷ್ಟೇ.

"ಇಷ್ಟೆಲ್ಲ ಕಟ್ಟಿಕೊಂಡು ನಿದ್ರೆ ಬರುತ್ತದೆಯೇ?" ಮನೆಯಷ್ಟು ಬರುವುದಿಲ್ಲ, ನಿಜ. ಆದರೆ ಕಾರಣ ತಿಳಿಯುವಷ್ಟು ನಿದ್ರೆ ಹೆಚ್ಚಿನವರಿಗೆ ಬಂದೇ ಬರುತ್ತದೆ. 'ಕಣ್ಣೇ ಮುಚ್ಚಲಿಲ್ಲ' ಎನ್ನುವವರ ದಾಖಲೆಯಲ್ಲಿಯೂ ತಾಸುಗಟ್ಟಲೆ ನಿದ್ರೆ ಕಂಡಿದ್ದೇವೆ.

"ನಡುರಾತ್ರಿ ಮೂತ್ರಕ್ಕೆ ಹೋಗಬೇಕಾದರೆ?" ಕರೆದರೆ ಸಾಕು. ಪಕ್ಕದ ಕೋಣೆಯಲ್ಲಿ ತಂತ್ರಜ್ಞರು ರಾತ್ರಿಯಿಡೀ ಎಚ್ಚರವಿರುತ್ತಾರೆ, ವೈರಿನ ಗಂಟು ಬಿಡಿಸಿ ಕಳಿಸುತ್ತಾರೆ. ಹೆಂಗಸರು ತಮಗೆ ಮಹಿಳಾ ಸಿಬ್ಬಂದಿ ಬೇಕೆಂದು ಮೊದಲೇ ಹೇಳಬಹುದು, ಸಂಕೋಚ ಬೇಡ.

"ಮನೆಯಲ್ಲೇ ಮಾಡಲು ಬರುವುದಿಲ್ಲವೇ?" ಮನೆಗೆ ಒಯ್ಯುವ ಸಣ್ಣ ಯಂತ್ರವೂ ಇದೆ. ಉಸಿರು, ಆಮ್ಲಜನಕ, ಎದೆಯ ಚಲನೆ ಅಳೆಯುತ್ತದೆ. ಉಸಿರು ಕಟ್ಟುವ ಕಾಯಿಲೆಯ ಅನುಮಾನ ಬಲವಾಗಿದ್ದರೆ ಅದು ಸಾಕಾಗಬಹುದು. ಆದರೆ ಸಾಮಾನ್ಯವಾಗಿ ಅದರಲ್ಲಿ ತಲೆಯ ವೈರುಗಳಿಲ್ಲ. ಕಾಲಿನ ಒದರಾಟ, ಮೂರ್ಛೆ, ಗಾಬರಿಯ ಎಚ್ಚರ ಕಾಣುವುದಿಲ್ಲ. ಹೃದಯ ಅಥವಾ ಶ್ವಾಸಕೋಶದ ದೊಡ್ಡ ಕಾಯಿಲೆ ಇರುವವರಿಗೆ ಅದು ಸಾಲದು. ಮನೆಯ ಪರೀಕ್ಷೆಯಲ್ಲಿ ಏನೂ ಸಿಗದೆ ತೊಂದರೆ ಮುಂದುವರಿದರೆ ಪೂರ್ಣ ಪರೀಕ್ಷೆ ಮಾಡಿಸಬೇಕು.

"ಯಂತ್ರ ಜೀವನಪೂರ್ತಿ ಬೇಕೇ?" ಕೆಲವರಿಗೆ ಬೇಕು. ತೂಕ ಇಳಿದರೆ ಕಾಯಿಲೆಯೂ ಇಳಿಯುತ್ತದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ನಡೆದು 2000ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ತೂಕ ಶೇಕಡಾ 10ರಷ್ಟು ಇಳಿದರೆ ಉಸಿರು ಕಟ್ಟುವ ಲೆಕ್ಕ ಶೇಕಡಾ 26ರಷ್ಟು ತಗ್ಗುತ್ತದೆ. ಸೌಮ್ಯವಾಗಿದ್ದರೆ ಮಗ್ಗುಲಾಗಿ ಮಲಗುವುದು, ಮದ್ಯ ಬಿಡುವುದು, ದಂತವೈದ್ಯರು ಮಾಡಿಕೊಡುವ ಬಾಯಿಯ ಸಾಧನ ಸಾಕಾಗಬಹುದು. ಮಕ್ಕಳಲ್ಲಿ ದೊಡ್ಡದಾದ ಟಾನ್ಸಿಲ್, ಅಡಿನಾಯ್ಡ್ ತೆಗೆದರೆ ಹೆಚ್ಚಿನವರಿಗೆ ಗುಣವಾಗುತ್ತದೆ.

ಪರೀಕ್ಷೆಗೆ ಬರುವ ಮುನ್ನ

1. ಆ ದಿನ ತಲೆಗೆ ಸ್ನಾನ ಮಾಡಿ. ಎಣ್ಣೆ ಹಚ್ಚಬೇಡಿ, ಬಿಲ್ಲೆ ಅಂಟುವುದಿಲ್ಲ.
2. ಹಗಲು ಮಲಗಬೇಡಿ. ಮಧ್ಯಾಹ್ನದ ಮೇಲೆ ಚಹಾ, ಕಾಫಿ ಬೇಡ. ಮದ್ಯ ಬೇಡವೇ ಬೇಡ.
3. ದಿನದ ಮಾತ್ರೆಗಳನ್ನು ತನ್ನಿ. ಬಿ.ಪಿ., ಸಕ್ಕರೆ, ಹೃದಯದ ಮಾತ್ರೆ ಬಿಡಬೇಡಿ. ನಿದ್ರೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಹೇಳಿ. ಬಹಳ ದಿನದಿಂದ ನುಂಗುತ್ತಿರುವುದನ್ನು ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ, ಅದೂ ಅಪಾಯ.
4. ಹಗುರವಾಗಿ ಉಂಡು ಬನ್ನಿ. ಸಡಿಲವಾದ ಬಟ್ಟೆ ತನ್ನಿ. ನಿಮ್ಮದೇ ದಿಂಬು ಬೇಕೆನಿಸಿದರೆ ಅದನ್ನೂ ತನ್ನಿ.
5. ಹಳೆಯ ಇ.ಸಿ.ಜಿ., ಎಕೋ ವರದಿ, ಚೀಟಿಗಳು ಜೊತೆಗಿರಲಿ.

ಒಂದು ಎಚ್ಚರಿಕೆ. ಎದೆ ಹಿಂಡಿದಂತೆ ನೋವು, ನೋವು ಕೈಗೆ ಅಥವಾ ದವಡೆಗೆ ಹರಿಯುವುದು, ತಣ್ಣನೆ ಬೆವರು, ಕುಳಿತರೂ ಕಡಿಮೆಯಾಗದ ದಮ್ಮು, ಬಾಯಿ ಸೊಟ್ಟಗಾಗುವುದು ಇದ್ದರೆ ನಿದ್ರಾ ಪರೀಕ್ಷೆಯ ಸರದಿಗೆ ಕಾಯಬೇಡಿ. ಬೆಳಗಾಗಲಿ ಎಂದೂ ಕಾಯಬೇಡಿ. ಅದೇ ಗಳಿಗೆಯಲ್ಲಿ 108ಕ್ಕೆ ಕರೆ ಮಾಡಿ, ತುರ್ತು ಚಿಕಿತ್ಸೆಗೆ ಬನ್ನಿ.

ಮನೆಯವರಿಗೆ ಒಂದು ಮಾತು

ಕೊನೆಯದಾಗಿ, ರೋಗಿಯ ಜೊತೆ ಬಂದ ನಿಮಗೆ. ನಿದ್ರೆಯಲ್ಲಿ ಏನಾಗುತ್ತದೆಂದು ರೋಗಿಗೆ ಗೊತ್ತಿರುವುದಿಲ್ಲ. ನೋಡಿದವರು ನೀವು. ಎಷ್ಟು ಗಂಟೆಗೆ ಎಚ್ಚರವಾಯಿತು, ಅದಕ್ಕೆ ಮುಂಚೆ ಗೊರಕೆ ಇತ್ತೇ, ಉಸಿರು ನಿಂತಿತ್ತೇ, ಕಾಲು ಒದರಿತೇ, ಎದ್ದಾಗ ನಿಮ್ಮನ್ನು ಗುರುತಿಸಿದರೇ, ಎಷ್ಟು ಹೊತ್ತಿಗೆ ಸರಿಹೋಯಿತು – ಹದಿನೈದು ದಿನ ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಕೈಯಲ್ಲಿ ಮೊಬೈಲ್ ಇದ್ದರೆ ರೋಗಿಯ ಒಪ್ಪಿಗೆ ಪಡೆದು ಒಂದೆರಡು ನಿಮಿಷದ ವಿಡಿಯೋ ಮಾಡಿಕೊಳ್ಳಿ. ಗೊರಕೆಯನ್ನು ನಗೆಯ ವಿಷಯ ಮಾಡಬೇಡಿ. ನಗುತ್ತಾರೆಂದು ಹೆದರಿಯೇ ಎಷ್ಟೋ ತಾಯಂದಿರು, ಹಿರಿಯರು ಹೇಳದೆ ಉಳಿಯುತ್ತಾರೆ.

ವೈದ್ಯರು ಕೇಳಲಿ, ಬಿಡಲಿ, ನೀವು ಹೇಳಿ. ಬಾಗಿಲ ಹೊರಗೆ ನಿಲ್ಲಬೇಡಿ, ಒಳಗೆ ಬನ್ನಿ. ಕತ್ತಲಲ್ಲಿ ಕುಳಿತು ಉಸಿರು ಎಣಿಸಿದ ಆ ಸೊಸೆಯೇ ಆ ಮನೆಯ ಮೊದಲ ನಿದ್ರಾ ಪರೀಕ್ಷೆ ಮಾಡಿದವಳು. ನಾವು ಮಾಡಿದ್ದು ಎರಡನೆಯದು.

ಎಲ್ಲರಿಗೂ ನೆಮ್ಮದಿಯ ನಿದ್ರೆ ಸಿಗಲಿ.